ಪಿಕಪ್ ಎಷ್ಟು ಹಿಡಿಯುತ್ತದೆ, ಎಷ್ಟು ಹೊರುತ್ತದೆ? ರಾಸು ಸಾಗಿಸುವ ಮುನ್ನ ಮಾಡಬೇಕಾದ ಎರಡು ಲೆಕ್ಕ



ಹಾಸನ, ಚಿಂತಾಮಣಿ ಕಡೆಯಿಂದಲೋ ತಮಿಳುನಾಡಿನ ಈರೋಡಿನ ಸಂತೆಯಿಂದಲೋ ಮಿಶ್ರತಳಿ ಹಸು ಕೊಂಡು ತರುವುದು ನಮ್ಮ ಕರಾವಳಿ ಮತ್ತು ಮಲೆನಾಡಿನ ಹೈನುಗಾರರಿಗೆ ಹೊಸದಲ್ಲ. ಹಸು ನೋಡಲು ಎರಡು ದಿನ ಓಡಾಡುತ್ತೇವೆ. ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ಎರಡು ಹೊತ್ತು ಕರೆದು ಹಾಲು ಅಳೆಯುತ್ತೇವೆ, ಸಾವಿರ ರೂಪಾಯಿಗಾಗಿ ಅರ್ಧ ಗಂಟೆ ಚೌಕಾಶಿ ಮಾಡುತ್ತೇವೆ. ಇಷ್ಟೆಲ್ಲ ಮಾಡಿ ಕೊಂಡ ಹಸುವನ್ನು ಮನೆಗೆ ತರುವ ವಿಚಾರ ಬಂದಾಗ ಮಾತ್ರ ಕೇಳುವುದು ಒಂದೇ ಪ್ರಶ್ನೆ: "ಗಾಡಿಯಲ್ಲಿ ಎಷ್ಟು ಹಿಡಿಯುತ್ತದೆ?"

ಈ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಮೂರು, ಕೆಲವೊಮ್ಮೆ ನಾಲ್ಕು. ಒತ್ತಿ ನಿಲ್ಲಿಸಿದರೆ ನಾಲ್ಕು ಹಸು ಪಿಕಪ್ಪಿನಲ್ಲಿ ಹಿಡಿಯುವುದು ನಿಜವೇ. ಆದರೆ ಹಿಡಿಯುವುದು ಬೇರೆ, ಹೊರುವುದು ಬೇರೆ. ವಾಹನದ ಬ್ರೇಕು, ಟೈರು, ಆಕ್ಸಲ್‌ಗಳು ಎಷ್ಟು ತೂಕಕ್ಕೆ ತಯಾರಾಗಿವೆ ಎಂಬುದು ಬಾಡಿಯ ಉದ್ದ ಅಗಲ ನೋಡಿದರೆ ತಿಳಿಯುವುದಿಲ್ಲ. ಈ ಲೇಖನದಲ್ಲಿ ಎರಡು ಸರಳ ಲೆಕ್ಕಗಳನ್ನು ಕಲಿಯೋಣ. ಒಂದು ತೂಕದ್ದು, ಇನ್ನೊಂದು ಜಾಗದ್ದು. ಎರಡರಲ್ಲಿ ಯಾವ ಉತ್ತರ ಚಿಕ್ಕದೋ ಅದೇ ನಿಮ್ಮ ಗಾಡಿಗೆ ಹೇರಬಹುದಾದ ಹಸುಗಳ ಸಂಖ್ಯೆ.

ಮೊದಲ ಲೆಕ್ಕ: ತೂಕ

ಪ್ರತಿ ಸರಕು ವಾಹನದ ಆರ್.ಸಿ. ಪುಸ್ತಕ ಅಥವಾ ಕಾರ್ಡಿನಲ್ಲಿ ಎರಡು ತೂಕಗಳಿರುತ್ತವೆ. 'ಅನ್‌ಲೇಡನ್ ವೇಟ್' ಎಂದರೆ ಖಾಲಿ ಗಾಡಿಯ ತೂಕ. 'ಲೇಡನ್ ವೇಟ್' ಅಥವಾ 'ಗ್ರಾಸ್ ವೆಹಿಕಲ್ ವೇಟ್' ಎಂದರೆ ಸರಕು, ಜನ ಎಲ್ಲ ಸೇರಿ ಆ ಗಾಡಿ ರಸ್ತೆಯ ಮೇಲೆ ಹೊಂದಬಹುದಾದ ಗರಿಷ್ಠ ತೂಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಗಾಡಿ ಹೊರಬಹುದಾದ ಭಾರ ಸಿಗುತ್ತದೆ.

ಇಲ್ಲಿ ಅನೇಕರು ಮರೆಯುವ ಸಂಗತಿ ಒಂದಿದೆ. ಖಾಲಿ ಗಾಡಿಯ ತೂಕದಲ್ಲಿ ಚಾಲಕನ ತೂಕ ಸೇರಿರುವುದಿಲ್ಲ. ಆದ್ದರಿಂದ ಕ್ಯಾಬಿನ್‌ನಲ್ಲಿ ಕೂರುವವರ ತೂಕವನ್ನೂ, ಬಾಡಿಗೆ ಹಾಕಿದ ಅಡ್ಡಮರ, ಮ್ಯಾಟು, ದಾರಿಯ ಹುಲ್ಲು ಇವುಗಳ ತೂಕವನ್ನೂ ಕಳೆಯಬೇಕು.

ಉದಾಹರಣೆಗೆ, ಒಂದು ಪಿಕಪ್‌ನ ಲೇಡನ್ ತೂಕ 2,900 ಕೆ.ಜಿ., ಖಾಲಿ ತೂಕ 1,650 ಕೆ.ಜಿ. ಎಂದಿಟ್ಟುಕೊಳ್ಳಿ. ವ್ಯತ್ಯಾಸ 1,250 ಕೆ.ಜಿ. ಚಾಲಕ, ಹಸು ಕೊಂಡವರು, ಜೊತೆಗೊಬ್ಬರು ಎಂದು ಮೂವರಿಗೆ 210 ಕೆ.ಜಿ. ಮರ, ಮ್ಯಾಟು, ಹುಲ್ಲಿಗೆ 60 ಕೆ.ಜಿ. ಕಳೆದರೆ ಉಳಿಯುವುದು 980 ಕೆ.ಜಿ. ಹಸುಗಳಿಗೆ ಇರುವುದು ಇಷ್ಟೇ.

ಇನ್ನು ಹಸುವಿನ ತೂಕ. ಎಲ್ಲ ಸಂತೆಯಲ್ಲೂ ತೂಕದ ಸೇತುವೆ ಇರುವುದಿಲ್ಲ. ಆದರೆ ಟೈಲರ್ ಟೇಪು ಎಲ್ಲ ಕಡೆಯೂ ಸಿಗುತ್ತದೆ. ಹಸುವನ್ನು ಸಮನೆಲದ ಮೇಲೆ ನೇರವಾಗಿ ನಿಲ್ಲಿಸಿ ಎರಡು ಅಳತೆ ತೆಗೆದುಕೊಳ್ಳಿ:

• ಎದೆ ಸುತ್ತಳತೆ: ಮುಂಗಾಲಿನ ಹಿಂದೆ, ಮೊಣಕೈಗೆ ತಾಗಿದಂತೆ ಎದೆಯನ್ನು ಸುತ್ತಿ ಅಳೆದ ಸೆಂ.ಮೀ.
• ಮೈ ಉದ್ದ: ಭುಜದ ಮುಂದಿನ ಮೂಳೆಯಿಂದ ಬಾಲದ ಬುಡದ ಪಕ್ಕದಲ್ಲಿ ಉಬ್ಬಿರುವ ಪೃಷ್ಠದ ಮೂಳೆಯವರೆಗಿನ ಸೆಂ.ಮೀ.

ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದ ಮೊತ್ತವನ್ನು ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿ. ಬರುವುದು ಹಸುವಿನ ಅಂದಾಜು ತೂಕ, ಕೆ.ಜಿ.ಗಳಲ್ಲಿ. ಸುತ್ತಳತೆ 175 ಸೆಂ.ಮೀ., ಉದ್ದ 145 ಸೆಂ.ಮೀ. ಇರುವ ಹಸುವಿಗೆ 175 × 175 × 145 ÷ 10,840 = ಸುಮಾರು 410 ಕೆ.ಜಿ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಅರ್ಧ ನಿಮಿಷದ ಕೆಲಸ. ಚೆನ್ನಾಗಿ ಬೆಳೆದ ಎಚ್.ಎಫ್. ಮಿಶ್ರತಳಿ ಹಸು, ಮುರ್ರಾ ಎಮ್ಮೆಗಳು ಇದಕ್ಕಿಂತಲೂ ಭಾರವಿರುತ್ತವೆ.

ಮೇಲಿನ ಗಾಡಿಗೆ ಈ ಗಾತ್ರದ ಎರಡು ಹಸು ಹತ್ತಿಸಿದರೆ 820 ಕೆ.ಜಿ. ಮಿತಿಯೊಳಗಿದೆ. ಮೂರು ಹತ್ತಿಸಿದರೆ 1,230 ಕೆ.ಜಿ., ಅಂದರೆ 250 ಕೆ.ಜಿ. ಹೆಚ್ಚು. ನಾಲ್ಕು ಹತ್ತಿಸಿದರೆ 1,640 ಕೆ.ಜಿ., ಅಂದರೆ 660 ಕೆ.ಜಿ. ಹೆಚ್ಚು. ಮುಕ್ಕಾಲು ಟನ್ ಹೊರುವ ಸಣ್ಣ ಗಾಡಿಯಾದರೆ ಚಾಲಕ ಮತ್ತು ಇನ್ನೊಬ್ಬರನ್ನು ಕಳೆದ ಮೇಲೆ ಉಳಿಯುವುದು 600 ಕೆ.ಜಿ. ಆಸುಪಾಸು. ಅದರಲ್ಲಿ ಒಂದೇ ಹಸು.

ಎರಡನೇ ಲೆಕ್ಕ: ನಿಲ್ಲುವ ಜಾಗ

ಪ್ರಾಣಿಗಳ ಸಾಗಣೆ ನಿಯಮಗಳು, 1978ರ ಪ್ರಕಾರ ದೊಡ್ಡ ರಾಸು ಒಂದಕ್ಕೆ ಕನಿಷ್ಠ 2 ಚದರ ಮೀಟರ್ ಜಾಗ ಬೇಕು. ನಮ್ಮ ಅಳತೆಯಲ್ಲಿ ಹೇಳುವುದಾದರೆ ಸುಮಾರು 21.5 ಚದರ ಅಡಿ. ಬಾಡಿಯ ಒಳಗಿನ ಉದ್ದ ಮತ್ತು ಅಗಲವನ್ನು ಅಡಿಗಳಲ್ಲಿ ಅಳೆದು ಗುಣಿಸಿ, 21.5ರಿಂದ ಭಾಗಿಸಿ.

• 7 ಅಡಿ ಉದ್ದ, 5 ಅಡಿ ಅಗಲ = 35 ಚದರ ಅಡಿ: 1 ಹಸು
• 9 ಅಡಿ ಉದ್ದ, ಐದೂವರೆ ಅಡಿ ಅಗಲ = 49.5 ಚದರ ಅಡಿ: 2 ಹಸು
• 10 ಅಡಿ ಉದ್ದ, 6 ಅಡಿ ಅಗಲ = 60 ಚದರ ಅಡಿ: 2 ಹಸು

ಅಂದರೆ ನಮ್ಮ ರಸ್ತೆಗಳಲ್ಲಿ ಓಡುವ ಸಾಮಾನ್ಯ ಪಿಕಪ್‌ಗಳಲ್ಲಿ ಎರಡಕ್ಕಿಂತ ಹೆಚ್ಚು ದೊಡ್ಡ ರಾಸುಗಳಿಗೆ ಜಾಗವಿಲ್ಲ. ಮಲೆನಾಡು ಗಿಡ್ಡದಂತಹ ಸಣ್ಣ ತಳಿಗಳಾದರೆ ತೂಕದ ಲೆಕ್ಕದಲ್ಲಿ ನಾಲ್ಕು ಬರಬಹುದು, ಜಾಗದ ಲೆಕ್ಕದಲ್ಲಿ ಎರಡೇ. ಚಿಕ್ಕ ಉತ್ತರವನ್ನೇ ಹಿಡಿಯಬೇಕು.

ಭಾರ ಹೆಚ್ಚಾದಾಗ ಗಾಡಿಗೆ ಏನಾಗುತ್ತದೆ?

"ಗಾಡಿ ಗಟ್ಟಿ ಇದೆ, ಹಿಂದೆ ಪಟ್ಟಿಗೆ ಇನ್ನೆರಡು ಪ್ಲೇಟ್ ಸೇರಿಸಿದ್ದೇವೆ" ಎಂದು ಚಾಲಕರು ಹೇಳುವುದುಂಟು. ಪ್ಲೇಟ್ ಸೇರಿಸಿದರೆ ಗಾಡಿಯ ಹಿಂಭಾಗ ಕುಸಿಯುವುದು ಕಾಣಿಸುವುದಿಲ್ಲ, ಅಷ್ಟೇ. ಬ್ರೇಕ್ ಹಳೆಯದೇ, ಆಕ್ಸಲ್ ಹಳೆಯದೇ, ಟೈರ್ ಹಳೆಯದೇ. ಆರ್.ಸಿ.ಯಲ್ಲಿರುವ ಮಿತಿಯೂ ಬದಲಾಗುವುದಿಲ್ಲ.

ಬ್ರೇಕ್: ಓಡುವ ಗಾಡಿಯಲ್ಲಿರುವ ಶಕ್ತಿ ಅದರ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ. ಮೇಲಿನ ಉದಾಹರಣೆಯಲ್ಲಿ ನಾಲ್ಕು ಹಸು ಹತ್ತಿಸಿದ ಗಾಡಿ 2,900ರ ಬದಲು 3,560 ಕೆ.ಜಿ. ಆಗುತ್ತದೆ. ಅದೇ ವೇಗದಲ್ಲಿ ಅದನ್ನು ನಿಲ್ಲಿಸಲು ಬ್ರೇಕ್ ಹೆಚ್ಚುಕಡಿಮೆ ಕಾಲು ಭಾಗದಷ್ಟು ಹೆಚ್ಚು ಕೆಲಸ ಮಾಡಬೇಕು. ವೇಗ 40ರಿಂದ 60 ಕಿ.ಮೀ.ಗೆ ಏರಿದರೆ ಈ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಸಾಗುತ್ತದೆ. ಚಾಲಕ ಅಪಾಯ ನೋಡಿ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ ಒಂದು ಕೊಟ್ಟಿಗೆಯ ಉದ್ದ ದಾಟಿರುತ್ತದೆ.

ಘಾಟಿ ಇಳಿಯುವಾಗ ಇದು ಇನ್ನೂ ಗಂಭೀರ. ಸಕಲೇಶಪುರದಿಂದ ಗುಂಡ್ಯದ ಕಡೆಗೆ ಇಳಿಯುವ ಶಿರಾಡಿಯಲ್ಲಾಗಲಿ, ಕೊಟ್ಟಿಗೆಹಾರದಿಂದ ಇಳಿಯುವ ಚಾರ್ಮಾಡಿಯಲ್ಲಾಗಲಿ ಮೈಲಿಗಟ್ಟಲೆ ಬ್ರೇಕ್ ಒತ್ತುತ್ತಲೇ ಬಂದರೆ ಲೈನರ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಸುಟ್ಟ ವಾಸನೆ ಇದರ ಮೊದಲ ಸೂಚನೆ. ಭಾರ ಹೆಚ್ಚಿದ್ದಷ್ಟೂ ಇದು ಬೇಗ ಸಂಭವಿಸುತ್ತದೆ.

ಸ್ಟೇರಿಂಗ್: ಹೆಚ್ಚುವರಿ ಭಾರವೆಲ್ಲ ಹಿಂದಿನ ಆಕ್ಸಲ್ ಮೇಲೆ ಮತ್ತು ಅದರಾಚೆ ಬೀಳುವುದರಿಂದ ಮುಂಭಾಗ ಹಗುರಾಗುತ್ತದೆ. ಸ್ಟೇರಿಂಗ್ ತಿರುಗಿಸಿದಷ್ಟು ಗಾಡಿ ತಿರುಗುವುದಿಲ್ಲ, ಮುಂದಿನ ಬ್ರೇಕಿಗೆ ರಸ್ತೆಯ ಹಿಡಿತ ಕಡಿಮೆಯಾಗುತ್ತದೆ. ಹೆಡ್‌ಲೈಟ್ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಟೈರ್: ಮಿತಿ ಮೀರಿದ ಭಾರದಲ್ಲಿ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾಯುತ್ತದೆ. ಗಾಳಿ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಬೇಸಿಗೆಯ ಮಧ್ಯಾಹ್ನ, ಸವೆದ ಟೈರು, ಮೂರನೇ ಹಸು ಇವು ಮೂರೂ ಸೇರಿದರೆ ಟೈರ್ ಸಿಡಿಯಲು ಬೇರೆ ಕಾರಣ ಬೇಕಾಗಿಲ್ಲ.

ಜೀವವಿರುವ ಭಾರ: ಸಿಮೆಂಟ್ ಚೀಲ ಇಟ್ಟ ಜಾಗದಲ್ಲೇ ಇರುತ್ತದೆ. ಹಸು ಹಾಗಲ್ಲ. ಅದರ ಭಾರವೆಲ್ಲ ನಾಲ್ಕು ಕಾಲುಗಳ ಮೇಲೆ ಎತ್ತರದಲ್ಲಿದೆ. ತಿರುವಿನಲ್ಲಿ ಎಲ್ಲ ಹಸುಗಳೂ ಹೊರಬದಿಗೆ ವಾಲುತ್ತವೆ. ಗಾಡಿ ಯಾವ ಕಡೆ ಮಗುಚಬಹುದೋ ಅದೇ ಕಡೆಗೆ, ಅದೇ ಕ್ಷಣದಲ್ಲಿ ಸಾವಿರ ಕೆ.ಜಿ.ಗಿಂತ ಹೆಚ್ಚು ಭಾರ ಸರಿಯುತ್ತದೆ.

ಒಳಗಿರುವ ಹಸುವಿಗೆ ಏನಾಗುತ್ತದೆ?

"ಒತ್ತಿ ನಿಲ್ಲಿಸಿದರೆ ಒಂದಕ್ಕೊಂದು ಆಸರೆ, ಬೀಳುವುದಿಲ್ಲ" ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಇದು ತಪ್ಪು. ಚಲಿಸುವ ಗಾಡಿಯಲ್ಲಿ ಹಸು ತೋಲ ಕಾಯ್ದುಕೊಳ್ಳುವುದು ಕಾಲುಗಳನ್ನು ಅಗಲಿಸಿ, ಆಗಾಗ ಹೆಜ್ಜೆ ಬದಲಿಸಿ. ಹೆಜ್ಜೆ ಇಡಲು ಜಾಗವಿಲ್ಲದಿದ್ದರೆ ಒಂದು ಬ್ರೇಕಿಗೆ ಜಾರುತ್ತದೆ. ಒಮ್ಮೆ ಬಿದ್ದರೆ ಏಳಲು ಮುಂದಕ್ಕೆ ಚಾಚಿಕೊಳ್ಳಬೇಕು, ಅದಕ್ಕೂ ಜಾಗವಿಲ್ಲ. ಪಕ್ಕದ ಹಸು ಅದನ್ನು ತುಳಿಯುತ್ತದೆ, ಅದರ ಮೇಲೆಯೇ ಬೀಳುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ರಾತ್ರಿ ಹತ್ತರ ಸುಮಾರಿಗೆ ನಮ್ಮ ಒಂದು ಸಂಘದ ಸದಸ್ಯರು ಫೋನ್ ಮಾಡಿದರು. "ಡಾಕ್ಟ್ರೇ, ಹಸು ಗಾಡಿಯಿಂದ ಇಳಿಯುತ್ತಾ ಇಲ್ಲ." ಹೋಗಿ ನೋಡಿದರೆ ಪಿಕಪ್ಪಿನಲ್ಲಿ ನಾಲ್ಕು ಹಸು. ಮೂರು ನಿಂತಿದ್ದವು, ನಾಲ್ಕನೆಯದು ಅವುಗಳ ಕಾಲ ಕೆಳಗೆ ಮಲಗಿತ್ತು. ಏಳೂವರೆ ತಿಂಗಳ ಗಬ್ಬ. ಘಾಟಿಯಲ್ಲಿ ಎಲ್ಲೋ ಬಿದ್ದಿರಬೇಕು. ಕ್ಯಾಬಿನ್‌ನಲ್ಲಿದ್ದವರಿಗೆ ಗೊತ್ತೇ ಆಗಿರಲಿಲ್ಲ. ಆರು ಜನ ಸೇರಿ ಗೋಣಿಯ ಮೇಲೆ ಜಾರಿಸಿ ಇಳಿಸಿದೆವು. ಸೊಂಟದ ಕೀಲು ತಪ್ಪಿತ್ತು, ತೊಡೆಯ ಮಾಂಸ ಜಜ್ಜಿತ್ತು. ಮರುದಿನ ಕಂದು ಹಾಕಿತು. ಹನ್ನೊಂದು ದಿನ ಮಗ್ಗುಲು ಬದಲಿಸುತ್ತಾ ಆರೈಕೆ ಮಾಡಿದರು. ಮನೆಯಾಕೆ ರಾತ್ರಿ ಎರಡು ಬಾರಿ ಎದ್ದು ನೀರು ಕುಡಿಸುತ್ತಿದ್ದರು. ಹಸು ಏಳಲೇ ಇಲ್ಲ. ನಾಲ್ಕೂ ಹಸುಗಳಿಗೆ ಸಾಲ ಮಾಡಿದ್ದರು. ಎಲ್ಲ ಕಂತನ್ನೂ ಉಳಿದ ಮೂರು ಹಸುಗಳ ಹಾಲಿನಿಂದಲೇ ಕಟ್ಟಬೇಕಾಯಿತು.

ಬೀಳದೆ ಬಂದ ಹಸುಗಳೂ ಸುಖವಾಗಿ ಬಂದಿವೆ ಎಂದಲ್ಲ. ಇಕ್ಕಟ್ಟಾದ ಸಾಗಣೆಯ ನಂತರ ನಾವು ಸಾಮಾನ್ಯವಾಗಿ ನೋಡುವ ತೊಂದರೆಗಳು ಇವು:

1. ಹಾಲು ಇಳಿಕೆ: ಹೆದರಿದ ಹಸು ಸೊರೆ ಬಿಡುವುದಿಲ್ಲ. ಭಯದಲ್ಲಿ ಉತ್ಪತ್ತಿಯಾಗುವ ಅಡ್ರಿನಾಲಿನ್, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸವನ್ನು ತಡೆಯುತ್ತದೆ. ಮೇವು, ನೀರು ಬಿಟ್ಟಿದ್ದರಂತೂ ಹಾಲು ಹಲವು ದಿನ ಹಿಂದಿನ ಮಟ್ಟಕ್ಕೆ ಬರುವುದಿಲ್ಲ.

2. ಕೆಚ್ಚಲು ಮತ್ತು ತೊಟ್ಟಿನ ಗಾಯ: ಪಕ್ಕದ ಹಸುವಿನ ಗೊರಸು ತಾಗಿ ತೊಟ್ಟು ಸೀಳುತ್ತದೆ. ಹೊತ್ತಿಗೆ ಕರೆಯದೆ ಕೆಚ್ಚಲು ಬಿಗಿದು, ಸೆಗಣಿ ಮೆತ್ತಿ, ಮನೆಗೆ ಬಂದ ಎರಡು ಮೂರು ದಿನದಲ್ಲಿ ಕೆಚ್ಚಲು ಬಾವು ಕಾಣಿಸುತ್ತದೆ.

3. ಸಾಗಣೆ ಸೆಳವು: ತುಂಬು ಗಬ್ಬದ ಹಸು, ಎಮ್ಮೆಗಳು ಹಸಿವು, ಬಾಯಾರಿಕೆ, ದಣಿವಿನಿಂದ ಬಳಲಿದಾಗ ರಕ್ತದಲ್ಲಿ ಸುಣ್ಣದ ಅಂಶ ಕುಸಿಯುತ್ತದೆ. ದಾರಿಯಲ್ಲೋ, ಇಳಿಸಿದ ಒಂದೆರಡು ದಿನದಲ್ಲೋ ತೂರಾಡುವುದು, ಹಲ್ಲು ಕಡಿಯುವುದು, ಕೊನೆಗೆ ಮಲಗಿಬಿಡುವುದು ಇದರ ಲಕ್ಷಣ. ತಡಮಾಡದೆ ವೈದ್ಯರನ್ನು ಕರೆಯಬೇಕು. ಬಾಟಲಿ ತಂದು ನೀವೇ ಕ್ಯಾಲ್ಸಿಯಂ ಏರಿಸಲು ಹೋಗಬೇಡಿ. ವೇಗವಾಗಿ ಏರಿಸಿದರೆ ಹೃದಯ ನಿಲ್ಲಬಹುದು.

4. ಕಂದು ಹಾಕುವುದು: ಹೊಟ್ಟೆಗೆ ಬಿದ್ದ ಪೆಟ್ಟು, ವಿಪರೀತ ಒತ್ತಡ ಎರಡೂ ಇದಕ್ಕೆ ಕಾರಣವಾಗುತ್ತವೆ.

5. ಒತ್ತಡದಿಂದ ಕೆರಳುವ ರೋಗಗಳು: ಗಳಲೆ ರೋಗದ ರೋಗಾಣುಗಳು ಆರೋಗ್ಯವಾಗಿರುವ ರಾಸುವಿನ ಗಂಟಲಿನಲ್ಲೂ ಇರಬಹುದು. ದಣಿವಿನಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅವು ತಲೆ ಎತ್ತುತ್ತವೆ. ಉಣ್ಣೆಯಿಂದ ಹರಡುವ ಥೈಲೇರಿಯಾ ಕೂಡ ಹಾಗೆಯೇ. ತಂದ ಹಸುವಿಗೆ ಮೊದಲ ವಾರಗಳಲ್ಲಿ ಜ್ವರ ಬಂದರೆ "ಊರು ಬದಲಾದದ್ದಕ್ಕೆ" ಎಂದು ಸುಮ್ಮನಿರಬೇಡಿ.

6. ಹೊಟ್ಟೆ ಉಬ್ಬರ ಮತ್ತು ಉಸಿರುಕಟ್ಟು: ಮಗ್ಗುಲಾಗಿ ಬಿದ್ದು ಏಳಲಾಗದ ಹಸುವಿಗೆ ತೇಗು ಬರುವುದಿಲ್ಲ. ಹೊಟ್ಟೆ ಉಬ್ಬಿ ಶ್ವಾಸಕೋಶ ಒತ್ತಿ, ಕೆಲವು ಗಂಟೆಗಳಲ್ಲೇ ಸಾಯಬಹುದು.

ಮೇವು, ಪಶು ಆಹಾರ, ಹಾಲು ಸಾಗಿಸುವಾಗ

ಇದೇ ಗಾಡಿ ವಾರದ ಉಳಿದ ದಿನ ಮೇವು, ಪಶು ಆಹಾರ ಹೊರುತ್ತದೆ. ಅಲ್ಲಿ ಲೆಕ್ಕ ತಪ್ಪುವ ರೀತಿ ಬೇರೆ.

ಪಶು ಆಹಾರದ ಚೀಲ 50 ಕೆ.ಜಿ. 1,000 ಕೆ.ಜಿ. ಹೊರುವ ಗಾಡಿಗೆ 20 ಚೀಲ ಸಾಕು. ಆದರೆ 20 ಚೀಲ ಹಾಕಿದ ಬಾಡಿ ಅರ್ಧ ಖಾಲಿ ಕಾಣುತ್ತದೆ. ಕಣ್ಣಿಗೆ ತುಂಬುವಂತೆ ಹೇರಿದರೆ 35, 40 ಚೀಲವಾಗುತ್ತದೆ, ಅಂದರೆ ಎರಡು ಪಟ್ಟು. ಇಲ್ಲಿ ಕಣ್ಣನ್ನು ನಂಬದೆ ಚೀಲ ಎಣಿಸಿ.

ಹಸಿ ಮೇವಿನ ತೂಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೀರೇ ಇರುತ್ತದೆ. ಮಳೆಯಲ್ಲಿ ಕೊಯ್ದ ಮುಸುಕಿನ ಜೋಳ, ನೇಪಿಯರ್ ಇನ್ನೂ ಭಾರ. ರಸಮೇವಿನ ಮೂಟೆಯೂ ಅಷ್ಟೇ. ಒಂದು ಮೂಟೆ ತೂಗಿ, ಎಷ್ಟು ಮೂಟೆ ಎಂದು ಲೆಕ್ಕ ಹಾಕಿ.

ಒಣಹುಲ್ಲು ಇದಕ್ಕೆ ತದ್ವಿರುದ್ಧ. ತೂಕ ಮಿತಿಯೊಳಗೇ ಇರುತ್ತದೆ, ಎತ್ತರ ಮತ್ತು ಅಗಲ ಮಿತಿ ಮೀರುತ್ತದೆ. ಕ್ಯಾಬಿನ್‌ಗಿಂತ ಬಹಳ ಮೇಲಕ್ಕೆ ಕಟ್ಟಿದ ಹುಲ್ಲಿನ ಗಾಡಿ ಗಾಳಿಗೆ, ತಿರುವಿಗೆ ಬೇಗ ವಾಲುತ್ತದೆ. ಚಾಲಕನಿಗೆ ಕನ್ನಡಿಯಲ್ಲಿ ಹಿಂದೆ ಏನೂ ಕಾಣದು. ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಹುಲ್ಲಿನ ಗಾಡಿ ಹೊತ್ತಿ ಉರಿಯುವುದನ್ನು ಪ್ರತಿ ಸುಗ್ಗಿಯಲ್ಲೂ ಕೇಳುತ್ತೇವೆ. ಹುಲ್ಲಿನ ಮೇಲೆ ಆಳುಗಳನ್ನು ಕೂರಿಸುವುದಂತೂ ಬೇಡವೇ ಬೇಡ.

ಹಾಲಿನ ಕ್ಯಾನ್: ಹಾಲು ನೀರಿಗಿಂತ ಸ್ವಲ್ಪ ಭಾರ. 40 ಲೀಟರ್ ಹಾಲು ಸುಮಾರು 41 ಕೆ.ಜಿ. ತೂಗುತ್ತದೆ, ಕ್ಯಾನಿನ ತೂಕ ಬೇರೆ. 25 ಕ್ಯಾನ್ ಎಂದರೆ ಹಾಲೇ ಒಂದು ಟನ್ ದಾಟುತ್ತದೆ. ಅರ್ಧ ತುಂಬಿದ ಕ್ಯಾನ್ ತುಳುಕುತ್ತದೆ, ಉರುಳುತ್ತದೆ. ಕ್ಯಾನ್‌ಗಳನ್ನು ತುಂಬಿಸಿ, ಹಗ್ಗದಿಂದ ಬಿಗಿದು ಸಾಗಿಸಿ.

ಉಳಿದ ಬಾಡಿಗೆ ಎಲ್ಲಿ ಹೋಯಿತು?

ಎಲ್ಲರೂ ಹೇಳುವ ಕಾರಣ ಒಂದೇ, ಬಾಡಿಗೆ. ಅದನ್ನೂ ಲೆಕ್ಕ ಹಾಕೋಣ. ನಾಲ್ಕು ಹಸು ತರಲು ಎರಡು ಟ್ರಿಪ್ ಬದಲು ಒಂದೇ ಟ್ರಿಪ್ ಮಾಡಿ 7,000 ರೂಪಾಯಿ ಉಳಿಸಿದಿರಿ ಎಂದಿಟ್ಟುಕೊಳ್ಳಿ. ಹಾಲಿಗೆ ಲೀಟರಿಗೆ 35 ರೂಪಾಯಿ ಎಂದು ಹಿಡಿಯೋಣ.

• ಪ್ರತಿ ಹಸು ದಿನಕ್ಕೆ 2 ಲೀಟರಿನಂತೆ 10 ದಿನ ಕಡಿಮೆ ಹಾಲು ಕೊಟ್ಟರೆ, ನಾಲ್ಕು ಹಸುವಿಗೆ 80 ಲೀಟರ್: 2,800 ರೂ.
• ಒಂದೇ ಒಂದು ಹಸುವಿಗೆ ಕೆಚ್ಚಲು ಬಾವು ಬಂದು, ಆ್ಯಂಟಿಬಯೋಟಿಕ್ ಕಾರಣದಿಂದ ದಿನಕ್ಕೆ 10 ಲೀಟರಿನಂತೆ 7 ದಿನ ಸಂಘಕ್ಕೆ ಹಾಲು ಹಾಕಲಾಗದಿದ್ದರೆ: 2,450 ರೂ.

ಇಲ್ಲಿಗೇ 5,250 ರೂಪಾಯಿ. ಔಷಧಿಯ ಖರ್ಚು ಸೇರಿದರೆ ಉಳಿಸಿದ ಬಾಡಿಗೆ ಮುಗಿಯಿತು. ನೆನಪಿಡಿ, ಇದು ಅಪಘಾತವಾಗದೆ, ಹಸು ಬೀಳದೆ, ದಂಡ ಬೀಳದೆ ಕ್ಷೇಮವಾಗಿ ಬಂದ ಟ್ರಿಪ್‌ನ ಲೆಕ್ಕ. 70,000 ರೂಪಾಯಿಯ ಒಂದು ಹಸು ಹೋದರೆ ಅಂಥ ಹತ್ತು ಟ್ರಿಪ್‌ಗಳ ಬಾಡಿಗೆ ಹೋದಂತೆ. ಚಾಲಕನ ಜೀವಕ್ಕೆ, ದಾರಿಯಲ್ಲಿ ಎದುರು ಬರುವವರ ಜೀವಕ್ಕೆ ಈ ಪಟ್ಟಿಯಲ್ಲಿ ಅಂಕಿ ಬರೆಯಲಾಗದು.

ಕಾನೂನು ಏನು ಹೇಳುತ್ತದೆ?

• ಮೋಟಾರು ವಾಹನ ಕಾಯ್ದೆ, 1988ಕ್ಕೆ 2019ರಲ್ಲಿ ಆದ ತಿದ್ದುಪಡಿಯಂತೆ, ಮಿತಿ ಮೀರಿ ಭಾರ ಹೇರಿದರೆ 194ನೇ ಕಲಮಿನಡಿ 20,000 ರೂ. ದಂಡ, ಜೊತೆಗೆ ಹೆಚ್ಚುವರಿ ಟನ್ ಒಂದಕ್ಕೆ 2,000 ರೂ. ಹೆಚ್ಚುವರಿ ಭಾರ ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ, ಇಳಿಸುವ ಖರ್ಚೂ ನಿಮ್ಮದೇ. ರಸ್ತೆ ಬದಿಯಲ್ಲಿ ಎರಡು ಹಸು ಇಳಿಸಿಕೊಂಡು ಎಲ್ಲಿಗೆ ಹೋಗುತ್ತೀರಿ?
• ಸರಕು ಬಾಡಿಯ ಪಕ್ಕಕ್ಕೆ, ಹಿಂದಕ್ಕೆ, ಮುಂದಕ್ಕೆ ಚಾಚಿದರೆ ಅಥವಾ ಅನುಮತಿಸಿದ ಎತ್ತರ ಮೀರಿದರೂ 20,000 ರೂ. ದಂಡವಿದೆ. ಹುಲ್ಲಿನ ಗಾಡಿಗಳು ಸಿಕ್ಕಿಬೀಳುವುದು ಇಲ್ಲಿ.
• ಕೇಂದ್ರ ಮೋಟಾರು ವಾಹನ ನಿಯಮಗಳ 125-ಇ ನಿಯಮದಂತೆ ಪ್ರಾಣಿ ಸಾಗಿಸುವ ವಾಹನದಲ್ಲಿ ಪ್ರತಿ ಪ್ರಾಣಿಗೂ ಪ್ರತ್ಯೇಕ ಕಟಕಟೆ ಇರಬೇಕು. ಹಸು, ಎಮ್ಮೆಗೆ 2 ಚದರ ಮೀಟರಿಗೆ ಕಡಿಮೆ ಇರಬಾರದು.
• ಪ್ರಾಣಿಗಳ ಸಾಗಣೆ ನಿಯಮಗಳು, 1978ರಂತೆ ಎಷ್ಟೇ ದೊಡ್ಡ ಲಾರಿಯಾದರೂ ಆರಕ್ಕಿಂತ ಹೆಚ್ಚು ದೊಡ್ಡ ರಾಸು ಹೇರುವಂತಿಲ್ಲ. ಜೊತೆಗೊಬ್ಬ ನೋಡಿಕೊಳ್ಳುವವ ಇರಬೇಕು, ಜಾರದಂತೆ ನೆಲಕ್ಕೆ ನಾರಿನ ಮ್ಯಾಟ್ ಅಥವಾ ಹಲಗೆ ಹಾಕಿರಬೇಕು, ರಾಸುಗಳ ಜೊತೆ ಬೇರೆ ಸರಕು ಹಾಕಬಾರದು. ಪ್ರಯಾಣಕ್ಕೆ ಯೋಗ್ಯ, ಸಾಂಕ್ರಾಮಿಕ ರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರವೂ ಬೇಕು.
• ನೋವಾಗುವ ರೀತಿಯಲ್ಲಿ ಪ್ರಾಣಿ ಸಾಗಿಸುವುದು ಪ್ರಾಣಿಹಿಂಸೆ ತಡೆ ಕಾಯ್ದೆ, 1960ರಡಿ ಅಪರಾಧ.

ಹೊರಡುವ ಮುನ್ನ

1. ಗಾಡಿ ಗೊತ್ತು ಮಾಡುವಾಗಲೇ ಆರ್.ಸಿ.ಯ ಎರಡು ಅಂಕಿ ಮತ್ತು ಬಾಡಿಯ ಅಳತೆ ಕೇಳಿ. ಎಷ್ಟು ಹಸು ಎಂದು ಆಗಲೇ ಖಚಿತಪಡಿಸಿ. ಸಂತೆಯಲ್ಲಿ ಹಸು ಕೊಂಡ ಮೇಲೆ ತೀರ್ಮಾನಿಸಲು ಹೋದರೆ "ಇನ್ನೊಂದು ಹಿಡಿಯುತ್ತೆ" ಎಂಬ ಮಾತೇ ಗೆಲ್ಲುತ್ತದೆ.
2. ಕರು ಹಾಕಲು ಒಂದು ತಿಂಗಳೊಳಗೆ ಇರುವ ಹಸು, ಎಮ್ಮೆಗಳನ್ನು, ಕರು ಹಾಕಿ ಮೂರು ದಿನ ಕಳೆಯದವನ್ನು ಸಾಗಿಸಬೇಡಿ. ಗಬ್ಬದ ಹಸುವನ್ನು ಕಡಸು, ಕರುಗಳ ಜೊತೆ ಸೇರಿಸಬೇಡಿ.
3. ಸಾಧ್ಯವಾದರೆ ಮೂರು ವಾರ ಮೊದಲೇ ಗಳಲೆ ರೋಗ, ಕಾಲುಬಾಯಿ ಜ್ವರದ ಲಸಿಕೆ ಆಗಿರುವ ರಾಸುವನ್ನೇ ಆರಿಸಿ. ಕಿವಿಓಲೆಯ 12 ಅಂಕಿಯ ಸಂಖ್ಯೆ ಬರೆದುಕೊಳ್ಳಿ. ಖರೀದಿ ರಸೀದಿ, ಆರೋಗ್ಯ ಪ್ರಮಾಣಪತ್ರ ಜೊತೆಗಿರಲಿ. ವಿಮೆ ಮಾಡಿಸುವಾಗ ಸಾಗಣೆಯ ಸಮಯಕ್ಕೂ ಅದು ಅನ್ವಯಿಸುತ್ತದೆಯೇ ಎಂದು ಕೇಳಿ.
4. ಹತ್ತಿಸುವ ಮುನ್ನ ಹಾಲು ಕರೆಯಿರಿ, ಒಣಹುಲ್ಲು ಮತ್ತು ನೀರು ಕೊಡಿ. ಹಸಿಮೇವು, ಹಿಂಡಿ ಹೊಟ್ಟೆ ತುಂಬ ಕೊಟ್ಟರೆ ಸೆಗಣಿ ತೆಳುವಾಗಿ ನೆಲ ಜಾರುತ್ತದೆ.
5. ನೆಲಕ್ಕೆ ಮ್ಯಾಟ್, ಅದರ ಮೇಲೆ ಹುಲ್ಲು ಅಥವಾ ಮರಳು ಹಾಕಿ. ಎರಡು ಹಸುಗಳ ನಡುವೆ ಗಟ್ಟಿ ಅಡ್ಡಮರ ಕಟ್ಟಿ. ಹಸುಗಳ ಮುಖ ಎಂಜಿನ್ ಕಡೆಗಿರಲಿ.
6. ಹತ್ತಿಸಲು ಮಣ್ಣಿನ ದಿಬ್ಬ ಅಥವಾ ಹಲಗೆಯ ಇಳಿಜಾರು ಬಳಸಿ. ಬಾಡಿ 3 ಅಡಿ ಎತ್ತರವಿದ್ದರೆ ಇಳಿಜಾರು 9 ಅಡಿಗೆ ಕಡಿಮೆ ಇರಬಾರದು. ಬಾಲ ತಿರುಚಿ, ಎತ್ತಿ ಎಸೆದು ಹತ್ತಿಸಬೇಡಿ.
7. ಮೂಗುದಾರವನ್ನು ಗಾಡಿಗೆ ಕಟ್ಟಬೇಡಿ. ಕೊರಳ ಅಥವಾ ಮುಖದ ಹಗ್ಗವನ್ನು, ಎಳೆದರೆ ತಕ್ಷಣ ಬಿಚ್ಚಿಕೊಳ್ಳುವ ಗಂಟು ಹಾಕಿ ಕಟ್ಟಿ.

ದಾರಿಯಲ್ಲಿ

ಹೊರಟ ಅರ್ಧ ಗಂಟೆಗೆ ಒಮ್ಮೆ, ನಂತರ ಎರಡು ಗಂಟೆಗೊಮ್ಮೆ ನಿಲ್ಲಿಸಿ ಹಸುಗಳನ್ನು ನೋಡಿ. ಘಾಟಿ ಇಳಿಯುವ ಮುನ್ನ ಮತ್ತು ಇಳಿದ ಮೇಲೆ ತಪ್ಪದೆ ನೋಡಿ. ಇಳಿಜಾರಿನಲ್ಲಿ ಕೆಳಗಿನ ಗೇರ್‌ನಲ್ಲೇ ಬರಲಿ, ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಬೇಡ. ಬೇಸಿಗೆಯಲ್ಲಿ ನಸುಕಿನಲ್ಲಿ ಅಥವಾ ಸಂಜೆಯ ನಂತರ ಹೊರಡಿ. ಟಾರ್ಪಾಲಿನಿಂದ ಪೂರ್ತಿ ಮುಚ್ಚಬೇಡಿ, ಬಿಸಿಲಿನಲ್ಲಿ ಗಾಡಿ ನಿಲ್ಲಿಸಿ ಊಟಕ್ಕೆ ಕೂರಬೇಡಿ. ಕರೆಯುವ ಹಸುವನ್ನು 12 ಗಂಟೆಯೊಳಗೆ ಕರೆಯಲೇಬೇಕು.

ಮನೆಗೆ ಬಂದ ಮೇಲೆ

ಮೊದಲು ನೀರು, ಒಣಹುಲ್ಲು, ವಿಶ್ರಾಂತಿ. ಹಿಂಡಿಯನ್ನು ಮೂರು ನಾಲ್ಕು ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಕಾಲು, ಕೆಚ್ಚಲು, ತೊಟ್ಟುಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿ. ಮೂರು ವಾರ ಹಳೆಯ ರಾಸುಗಳಿಂದ ಬೇರೆಯಾಗಿ ಕಟ್ಟಿ. ಮೊದಲ ವಾರ ಬೆಳಿಗ್ಗೆ, ಸಂಜೆ ಜ್ವರ ನೋಡಿ. ತೂರಾಟ, ಜೊಲ್ಲು, ಗಂಟಲು ಬಾವು, ಉಸಿರಾಟದ ತೊಂದರೆ, ಕಂದು ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರಿಗೆ ತಿಳಿಸಿ.

ಸಂಘದ ಮಟ್ಟದಲ್ಲಿ ಏನು ಮಾಡಬಹುದು?

ಒಬ್ಬರೇ ಎರಡು ಟ್ರಿಪ್ ಬಾಡಿಗೆ ಕೊಡುವುದು ಕಷ್ಟ ಎಂಬುದು ನಮಗೂ ಗೊತ್ತು. ಅದೇ ತಿಂಗಳು ಹಸು ತರುವ ಎರಡು ಮೂರು ಸದಸ್ಯರು ಸೇರಿದರೆ ಕಟಕಟೆ ಇರುವ ದೊಡ್ಡ ಲಾರಿಯನ್ನು ಹಂಚಿಕೊಂಡು ಬಾಡಿಗೆಗೆ ಹಿಡಿಯಬಹುದು. ಆರು ಹಸುಗಳಿಗೆ ಭಾಗಿಸಿದಾಗ ತಲಾ ಬಾಡಿಗೆ ಎಷ್ಟಾಗುತ್ತದೆ ಎಂದು ಕೇಳಿ ನೋಡಿ. ಹಸು ಕೊಳ್ಳುವ ಯೋಚನೆ ಇದ್ದವರು ಕಾರ್ಯದರ್ಶಿಯವರಲ್ಲಿ ಮೊದಲೇ ಹೆಸರು ಬರೆಸಿದರೆ ಈ ಹೊಂದಾಣಿಕೆ ಸುಲಭ. ಅಡ್ಡಮರ, ನಾರಿನ ಮ್ಯಾಟು, ಹತ್ತಿಸುವ ಹಲಗೆಗಳ ಒಂದು ಸೆಟ್ಟನ್ನು ಸಂಘದಲ್ಲೇ ಇಟ್ಟರೆ ಎಲ್ಲ ಸದಸ್ಯರೂ ಬಳಸಬಹುದು.

ಹಸು ತರಲು ಹೊರಡುವ ಮುನ್ನ ನಿಮ್ಮ ವಲಯದ ಪಶುವೈದ್ಯಾಧಿಕಾರಿಗೆ ಒಂದು ಫೋನ್ ಮಾಡಿ. ಗಾಡಿಯ ಆರ್.ಸಿ. ಅಂಕಿ, ಬಾಡಿಯ ಅಳತೆ, ಹಸುಗಳ ಅಂದಾಜು ತೂಕ ಹೇಳಿದರೆ ಎಷ್ಟು ಹೇರಬಹುದು ಎಂದು ಫೋನಿನಲ್ಲೇ ಲೆಕ್ಕ ಹಾಕಿ ಹೇಳುತ್ತೇವೆ.